ಮೈಮುನಾಳ ವಾಕ್ಯ

ಆಗ ಮಂಡೆಕೋಲಿನ ಮಕ್ಕಳಾದ ನಮಗೆ ಪುತ್ತೂರೆಂದರೆ ಬೇರೆಯೇ ದೇಶ. ಸುಳ್ಯದ ತನಕ ಬಸ್ಸಿನಲ್ಲಿ ಹೋದದ್ದುಂಟು, ಅದರಾಚೆಯದು ದೊಡ್ಡವರ ಮಾತಿನಲ್ಲಿ ಕೇಳಿದ್ದಷ್ಟೇ. ನಾವು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಟೀಚರ್, "ಪುತ್ತೂರಲ್ಲಿ ಇಂಗ್ಲಿಷ್ ಪದಗಳ ಸ್ಪರ್ಧೆ ಉಂಟು. ನಮ್ಮ ಶಾಲೆಯಿಂದ ಒಬ್ಬರನ್ನೇ ಕಳಿಸುದು" ಎಂದರು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಯಾರನ್ನು ಕಳಿಸಬೇಕೆಂದು ಆರಿಸಲು ಅವರು ಬೋರ್ಡಿನ ಮೇಲೆ 'ಫೇನ್' ಎಂಬ ಹಳೇ ಇಂಗ್ಲಿಷ್ ಪದ ಬರೆದರು. "ಈಗ ಇದನ್ನು ಯಾರೂ ಬಳಸುದಿಲ್ಲ. ಶುಕ್ರವಾರ ಇದರ ಸಮಾನಪದ ಹೇಳ್ಬೇಕು, ಒಂದು ಸ್ವಂತ ವಾಕ್ಯ ಮಾಡ್ಬೇಕು. ಒಬ್ಬರು ಹೇಳಿದ ವಾಕ್ಯ ಇನ್ನೊಬ್ಬರು ಹೇಳುವ ಹಾಗಿಲ್ಲ."

ಶಾಲೆಯ ಡಿಕ್ಷನರಿಯಲ್ಲಿ ಆ ಪುಟವೇ ಹರಿದುಹೋಗಿತ್ತು. ದಿನಾ ನನ್ನ ಜೊತೆ ನಡೆದು ಬರುತ್ತಿದ್ದ ಮೈಮುನಾಳ ಮಾವನ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಇನ್ನೊಂದಿತ್ತು. ಒಣಮೀನು, ಬಟ್ಟೆ ಸೋಪು ಬೆರೆತ ವಾಸನೆಯ ನಡುವೆ ಕೂತು ಅವಳು ಅರ್ಥ ಹುಡುಕಿ ತಂದಳು. ತಂದದ್ದನ್ನು ಬಚ್ಚಿಡದೆ ಮರುದಿನವೇ ನನಗೂ ಹೇಳಿದಳು.

"ಮನಸಾರೆ ಅಂತ ಅರ್ಥ ಮಾರಾಯ್ತಿ. ಯಾರೂ ದೂಡದೆ ಖುಷಿಯಲ್ಲಿ ಮಾಡುದು. ಗ್ಲಾಡ್ಲಿ, ವಿಲ್ಲಿಂಗ್ಲಿ, ರೆಡಿಲಿ, ಎಲ್ಲ ಅದೇ. ಅದರ ಮೊದಲು ಒಂದು 'ವುಡ್' ಬೇಕು."

ದಾರಿಯುದ್ದಕ್ಕೂ ಉಪ್ಪು ಹಚ್ಚಿದ ನೆಲ್ಲಿಕಾಯಿ ಚೀಪುತ್ತಾ ವಾಕ್ಯ ಕಟ್ಟಿದೆವು. ನನ್ನವೆಲ್ಲ ನೆಲ್ಲಿಕಾಯಿ ತಿನ್ನುವ, ಆಟಕ್ಕೆ ಓಡುವ ವಾಕ್ಯಗಳು. ಅವಳು ನೆಲ್ಲಿಕಾಯಿಯ ಬೀಜ ಉಗಿದು ಹೇಳಿದಳು: "ಮೈ ಫಾದರ್ ವುಡ್ ಫೇನ್ ಕಮ್ ಹೋಮ್."

ಅವಳು ಉಪ್ಪ ಎಂದು ಕರೆಯುವ ಅಪ್ಪ ಗಲ್ಫಿಗೆ ಹೋಗಿ ಮೂರು ವರ್ಷವಾಗಿತ್ತು. "ರಜೆ ಕೊಟ್ರೆ ಓಡಿ ಬರ್ತಾರೆ, ಗೊತ್ತುಂಟಾ" ಎಂದಳು. ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕಿಂತ ಒಳ್ಳೆಯ ವಾಕ್ಯ ನನ್ನಿಂದಾಗದು ಎಂದು ಆಗಲೇ ತಿಳಿದಿತ್ತು.

ಶುಕ್ರವಾರ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬಂತು. ಎದ್ದು ನಿಂತೆ, ಸಮಾನಪದ ಹೇಳಿದೆ, ಆಮೇಲೆ ಅವಳ ವಾಕ್ಯವನ್ನೇ ಹೇಳಿದೆ. ಬಾಯಿತಪ್ಪಿ ಬಂತೆಂದು ಎಷ್ಟೋ ವರ್ಷ ನನ್ನನ್ನೇ ನಂಬಿಸಿಕೊಂಡೆ. ಅದು ಸುಳ್ಳು, ಬೇಕೆಂದೇ ಹೇಳಿದ್ದು. ನನ್ನ ಅಪ್ಪ ಆ ಹೊತ್ತಿಗೆ ಮನೆಯಂಗಳದಲ್ಲೇ ರಬ್ಬರ್ ಶೀಟು ಒಣಗಿಸುತ್ತಿದ್ದರು.

"ಒಳ್ಳೆದುಂಟು" ಎಂದರು ಟೀಚರ್. "ಮೈಮುನಾ, ನಿನ್ನದು?"

ಅವಳು ಎದ್ದು ನನ್ನನ್ನೊಮ್ಮೆ ನೋಡಿದಳು. "ನನ್ನದೂ ಅದೇ ಟೀಚರ್."

ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಅವಳಿಗೆ 'ಕಾಪಿ ಮೈಮುನಾ' ಎಂಬ ಹೆಸರೇ ಬಿತ್ತು. ಯಾರಾದರೂ ಹಾಗೆ ಕರೆದಾಗೆಲ್ಲ ನಾನು ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುತ್ತಿದ್ದೆ.

ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ಕೂರಬೇಕು ಎನ್ನುವ ಹಾಗಾಯಿತು. "ನಿಂಗೆ ಎಂತ ಆತ್ ಗೂಡೆ?" ಎಂದು ಅವ್ವ, ಹುಡುಗಿಗೆ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದರು. ಟೀಚರ್ ಹತ್ತಿರ ನಿಜ ಹೇಳಬೇಕೆಂದು ಮೂರು ಸಲ ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ, ಚಾಕ್ ಪೀಸು ಕೇಳಿ ತೆಗೆದುಕೊಂಡು ವಾಪಸು ಬಂದೆ. ಟೀಚರ್ ಆರಿಸಿದ್ದು ನನ್ನನ್ನೇ, ಪುತ್ತೂರಿಗೂ ಹೋದೆ. ಅಲ್ಲಿ ಆ ಪದವನ್ನು ಯಾರೂ ಕೇಳಲಿಲ್ಲ. ಎರಡನೇ ಸುತ್ತಿಗೇ ಹೊರಬಿದ್ದೆ. ಟೀಚರ್ ಕೊಡಿಸಿದ ಗೋಳಿಬಜೆಯನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಈಗ ನಾನೇ ಇಂಗ್ಲಿಷ್ ಟೀಚರು. ಕಳೆದ ತಿಂಗಳು ಪುತ್ತೂರಿನ ಹತ್ತಿರದ ಕಬಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಗಳೊಂದಿಗೆ ಮೈಮುನಾ ಸಿಕ್ಕಿದಳು. ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಇವಳಿಗೆ ಇಂಗ್ಲಿಷ್ ಅಂದ್ರೆ ಹೆದರಿಕೆ. ನನ್ನದೇ ಮಂಡೆ" ಎಂದು ಮಗಳನ್ನು ತೋರಿಸಿ ನಕ್ಕಳು. "ಅವತ್ತು ನಿನ್ನ ವಾಕ್ಯ ಕಾಪಿ ಹೊಡೆದು ಸಿಕ್ಕಿಬಿದ್ದೆ ಅಲ್ವಾ? ಆಮೇಲೆ ನಾನು ಅದರ ಸಹವಾಸವೇ ಬಿಟ್ಟೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಎಲ್ಲರೂ ಹೇಳಿ ಹೇಳಿ ಅವಳೂ ಅದನ್ನೇ ನಂಬಿಬಿಟ್ಟಿದ್ದಳು.

"ಅಲ್ಲ ಮೈಮುನಾ, ಅದು ನಿನ್ನದೇ ವಾಕ್ಯ. ಕದ್ದದ್ದು ನಾನು."

ಅವಳು ನನ್ನ ಕೆನ್ನೆ ತಟ್ಟಿ ಮಗಳ ಕಡೆ ತಿರುಗಿದಳು.

"ನೋಡಿದೆಯಾ? ಇವಳು ಸಣ್ಣದರಿಂದಲೂ ಹೀಗೆಯೇ. ನನ್ನನ್ನು ಯಾರ ಎದುರೂ ಬಿಟ್ಟುಕೊಡುದಿಲ್ಲ."