ಕ್ಷಮೆ ಕೇಳಿದ ಮೇಲೆ ಯಾರೂ ತುಳಿಯಲಿಲ್ಲ

೨೦೨೪ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಸ್ಯಾನ್ ಡಿಯಾಗೋದ ಒಂದು ಬ್ಯಾಲೆ ಕಂಪನಿಯ ತಾಲೀಮು ಕೋಣೆ. ಏಳು ಜನ ಅಮೆರಿಕನ್ನರು ಒಟ್ಟಿಗೆ ಮಂಡಿ ಬಾಗಿಸಿ ನೆಲ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ‘ಫೈವ್, ಸಿಕ್ಸ್, ಸೆವೆನ್, ಏಯ್ಟ್’ ಎಂದು ಎಣಿಸುತ್ತಿದ್ದವನು ಕೈಲ್, ನಮ್ಮ ನೃತ್ಯ ಸಂಯೋಜಕ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದು ನನ್ನ ಭೂಮಿ ನಮಸ್ಕಾರ.

ಭರತನಾಟ್ಯ ಕಲಿತವರಿಗೆ ಇದನ್ನು ಹೇಳಬೇಕಾಗಿಲ್ಲ. ನಿನ್ನನ್ನು ತುಳಿಯುತ್ತೇನೆ ತಾಯಿ, ಕ್ಷಮಿಸು ಎಂದು ಕುಣಿಯುವ ಮುನ್ನ ಕೇಳಿಕೊಳ್ಳುತ್ತೇವೆ. ಅದು ನೃತ್ಯವಲ್ಲ, ನೃತ್ಯಕ್ಕೆ ಮೊದಲಿನದು. ಮೈಸೂರಿನಲ್ಲಿ ಗುರುಗಳ ಮನೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲ ಕೆಲಸ ಅದೇ. ಇಲ್ಲಿಯೂ ದಿನಾ ಮೂಲೆಯಲ್ಲಿ ನಿಂತು ಮಾಡುತ್ತಿದ್ದೆ. ಕೈಲ್ ಅದನ್ನು ನನ್ನ ವಾರ್ಮಪ್ ಎಂದುಕೊಂಡು, ಚೆನ್ನಾಗಿದೆಯೆಂದು ತನ್ನ ಹೊಸ ಬ್ಯಾಲೆಗೆ ಹಾಕಿಕೊಂಡಿದ್ದ. ನನ್ನನ್ನು ಕೇಳಲಿಲ್ಲ.

ಲಾಸ್ ಏಂಜಲೀಸಿನ ಕಾಲೇಜೊಂದರಲ್ಲಿ ನೃತ್ಯದ ಎಂ.ಎ. ಮಾಡಲು ೨೦೨೧ರಲ್ಲಿ ಬಂದವಳು ನಾನು. ಅಲ್ಲೇ ಪಕ್ಕದ ಸೆರಿಟೋಸ್‌ನ ಶೈಲಜಾ ಆಂಟಿ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೇನೆ. ಓದು ಮುಗಿಸಿ ಈ ಕಂಪನಿಗೆ ನರ್ತಕಿಯಾಗಿ ಸೇರಿದೆ; ತಾಲೀಮಿಗೆ ಫ್ರೀವೇಯಲ್ಲಿ ಕಾರಿನಲ್ಲಿ ಎರಡು ಗಂಟೆ. ಬ್ಯಾಲೆಯ ಚರಿತ್ರೆ ಓದಿದ್ದು ಇಲ್ಲೇ. ಹಳೆಯ ಬ್ಯಾಲೆಯಲ್ಲಿ ರಾಜಕುಮಾರಿಯರಿದ್ದರು, ಕಥೆಯಿತ್ತು. ನಿಯೋಕ್ಲಾಸಿಕಲ್ ಎಂಬ ಹೊಸ ಶೈಲಿ ಬಂದು ಕಥೆ ತೆಗೆಯಿತು, ಭಾರದ ಉಡುಪು ತೆಗೆಯಿತು. ಮೈಗಂಟಿದ ಸಾದಾ ಬಟ್ಟೆ, ಖಾಲಿ ರಂಗ, ವೇಗ ಉಳಿದವು. ಆಮೇಲಿನ ಕಂಟೆಂಪರರಿ ಬ್ಯಾಲೆ ಎಷ್ಟೋ ಸಲ ತುದಿಗಾಲಿನ ಶೂ ಸಹ ಬಿಚ್ಚಿಸಿ, ಗಾಳಿಯಲ್ಲಿ ತೇಲುತ್ತಿದ್ದವರನ್ನು ನೆಲದ ಮೇಲೆ ಉರುಳಿಸಿತು. ಮೊದಲ ಸಲ ನೋಡಿದಾಗ ಖುಷಿಯಾಗಿತ್ತು. ಅಂತೂ ಇವರು ನೆಲಕ್ಕಿಳಿದರು, ನನಗೂ ಇಲ್ಲಿ ಜಾಗವಿದೆ ಎನಿಸಿತ್ತು. ಹೀಗೆ ಒಂದೊಂದೇ ತೆಗೆಯುತ್ತಾ ಬಂದವರು ನನ್ನದರಲ್ಲಿ ಏನು ತೆಗೆದಾರು ಎಂದು ಯೋಚಿಸಿರಲಿಲ್ಲ.

‘ಅದು ಸ್ಟೆಪ್ ಅಲ್ಲ,’ ಎಂದೆ.

‘ಈ ಕೋಣೆಯಲ್ಲಿ ಎಲ್ಲವೂ ಸ್ಟೆಪ್ಪೇ, ವ್ಯಾಸ್,’ ಎಂದ ಕೈಲ್. ನನ್ನ ಹೆಸರು ವಸುಧಾ.

‘ಅದು ಕ್ಷಮೆ. ತುಳಿಯುವುದಕ್ಕೆ ಕೇಳುವ ಕ್ಷಮೆ. ಇವರು ಕೇಳಿದ ಮೇಲೆ ತುಳಿಯುವುದೇ ಇಲ್ಲವಲ್ಲ, ಹಾರುತ್ತಾರೆ!’

‘ಬ್ಯೂಟಿಫುಲ್! ಇದನ್ನೇ ಪ್ರೋಗ್ರಾಂ ಪುಸ್ತಕದಲ್ಲಿ ಹಾಕೋಣ.’

ಸಂಜೆ ಆಂಟಿಯ ಅಡುಗೆಮನೆಯಲ್ಲಿ ಕೂತು ಸಿಟ್ಟೆಲ್ಲ ಕಾರಿಕೊಂಡೆ.

‘ಬಿಳಿಯರು ಭೂಮಿತಾಯಿಗೆ ಕೈಮುಗಿದ್ರೆ ನಿಂಗೇನೇ ಕಷ್ಟ? ಯೋಗ ಮಾಡಲ್ವಾ ಅವ್ರು?’

‘ನಿಮ್ಮ ಆರತಿ ತಟ್ಟೆ ತಗೊಂಡು ಯಾರಾದ್ರೂ ಸರ್ಕಸ್ ಮಾಡಿದ್ರೆ, ಆಂಟಿ?’

ಆಂಟಿ ಒಗ್ಗರಣೆ ಸೌಟು ಕೆಳಗಿಟ್ಟರು. ‘ಹಾಗಾದ್ರೆ ಬಿಟ್ಟುಬಿಡು ಆ ಕಂಪ್ನೀನ.’

ಬಿಟ್ಟರೆ ಈ ದೇಶವನ್ನೂ ಬಿಡಬೇಕು. ನನ್ನ ವೀಸಾಗೆ ಅಪ್ಲೈ ಮಾಡಬೇಕಾದವರು ಅವರೇ.

ಮರುದಿನ ಕೈಲ್‌ಗೆ ಹೇಳಿದೆ: ಅವರಿಂದ ತುಳಿಸು, ಇಲ್ಲವೇ ನಮಸ್ಕಾರ ತೆಗಿ. ತುಳಿಯುವುದನ್ನು ನಾನೇ ಕಲಿಸಲಿ ಎಂದು ಒಪ್ಪಿದ. ಮಂಡಿ ಅರ್ಧ ಬಾಗಿಸಿ ಅರೆಮಂಡಿಯಲ್ಲಿ ಕೂರಿಸಿ ಎರಡು ದಿನ ಪಾದ ತಟ್ಟಿಸಿದೆ. ಪಾಪ, ಹುಡುಗಿಯರು ಹಿಮ್ಮಡಿ ಉರಿಯುತ್ತಿದ್ದರೂ ನಗುತ್ತಾ ಕಲಿತರು. ಮೂರನೆಯ ದಿನ ಕೈಲ್ ನೋಡಿ, ‘ಇದು ತುಂಬಾ ಇಂಡಿಯನ್ ಆಯಿತು,’ ಎಂದ. ತಟ್ಟುವುದನ್ನು ತೆಗೆದ. ನಮಸ್ಕಾರವನ್ನು ಉಳಿಸಿಕೊಂಡ.

ನಾನು ಕಂಪನಿ ಬಿಡಲಿಲ್ಲ. ಮೇ ತಿಂಗಳಲ್ಲಿ ಅವರೊಡನೆ ನಾನೂ ಕುಣಿದ ಐದು ಪ್ರದರ್ಶನ, ಒಂದೊಂದರಲ್ಲೂ ಮೂರು ಸಲ ಆ ಸ್ಟೆಪ್. ಡೈರಿಯಲ್ಲಿ ಬರೆದಿಟ್ಟಿದ್ದೇನೆ: ತುಳಿಯದೆ ಕೇಳಿದ ಕ್ಷಮೆ, ಹದಿನೈದು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಕೈಗಳಾದರೂ ತಟ್ಟಿದವಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ವೀಸಾ ಮಂಜೂರಾಯಿತು. ಪಾಸ್‌ಪೋರ್ಟಿಗೆ ಅದರ ಮುದ್ರೆ ಹಾಕಿಸಲು ಊರಿಗೆ ಹೋಗಬೇಕು. ಇಲ್ಲಿನ ನಮ್ಮವರು ಅದನ್ನು ಸ್ಟ್ಯಾಂಪಿಂಗ್ ಎನ್ನುತ್ತಾರೆ; ಇಂಗ್ಲಿಷಿನಲ್ಲಿ ಕಾಲು ತಟ್ಟುವುದಕ್ಕೂ ಅದೇ ಮಾತು. ‘ಸ್ಟ್ಯಾಂಪಿಂಗ್‌ಗೆ ತಾನೇ ಹೋಗ್ತಿರೋದು, ಅಲ್ಲಾದ್ರೂ ಚೆನ್ನಾಗಿ ತುಳ್ಕೊಂಡು ಬಾ,’ ಎಂದು ಆಂಟಿ ನಗಿಸಿ ಕಳಿಸಿದರು.

ಡಿಸೆಂಬರಿನಲ್ಲಿ ಗುರುಗಳ ಮನೆಯ ಕೆಂಪು ನೆಲದ ಮೇಲೆ ನಿಂತೆ. ಬಾಗಿದೆ, ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಗುರುಗಳು ತಟ್ಟುಕೋಲು ಎತ್ತಿದವರು ಹಾಗೇ ನಿಲ್ಲಿಸಿದರು.

‘ಇದೇನೇ ವಸು, ನಮಸ್ಕಾರಾನೇ ಕುಣೀತಿದೀಯಲ್ಲ?’

ಆಗಲೇ ಗೊತ್ತಾದದ್ದು, ತುಟಿಯೊಳಗೆ ಎಣಿಸುತ್ತಿದ್ದೆ: ಫೈವ್, ಸಿಕ್ಸ್, ಸೆವೆನ್, ಏಯ್ಟ್. ಮತ್ತೆ ಮಾಡಿದೆ, ಮತ್ತೆ ಅದೇ. ಕೈಲ್ ಮೇಲಿದ್ದ ಸಿಟ್ಟೆಲ್ಲ ನನ್ನ ಮೊಣಕಾಲಿನ ಮೇಲೆ ತಿರುಗಿತು.

ಈಗ ಮತ್ತೆ ಸ್ಯಾನ್ ಡಿಯಾಗೋದಲ್ಲಿದ್ದೇನೆ. ಮೂಲೆಗೆ ಹೋಗಿ ನಿಲ್ಲುತ್ತೇನೆ, ಬಾಗುವುದಿಲ್ಲ. ಎರಡು ನೃತ್ಯ ಕಲಿತವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮೈಗೆ ಹತ್ತಿದ ಎಣಿಕೆಯನ್ನು ಬಿಡಿಸುವ ಬಗೆ ಗೊತ್ತಿದ್ದರೆ, ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಕ್ಷಮೆ ಕೇಳದೆಯೇ ತುಳಿಯುತ್ತಿದ್ದೇನೆ.