ಬೇಲಿಯಾಚೆಯ ಹಬ್ಬದೂಟ

ಐವತ್ತರ ದಶಕದಲ್ಲಿ ಯಲವಿಗಿಯ ನಮ್ಮ ಲಿಂಗವಂತರ ಮನೆಯ ಬೇಲಿಯಾಚೆ ಒಬ್ಬ ರೈಲ್ವೆ ಗಾರ್ಡ್ ಸಾಹೇಬರಿದ್ದರು. ಗೋವಾ ಕಡೆಯವರು, ಒಂಟಿ. ಏನು ಕೇಳಿದರೂ "ಅವಸರ ಇಲ್ರಿ" ಎನ್ನುತ್ತಿದ್ದರು; ರೈಲಿಗೆ ಹಸಿರು ಬಾವುಟ ತೋರಿಸುವವರ ಬಾಯಲ್ಲಿ ಬರತಕ್ಕ ಮಾತಲ್ಲ.

ಒಂದು ಕ್ರಿಸ್ಮಸ್ಸಿಗೆ ಅವರು ಹಂದಿ ಮಾಂಸದ ದೊಡ್ಡ ತುಂಡನ್ನು ಚೀಲದಂತೆ ಸೀಳಿ, ಉಳ್ಳಾಗಡ್ಡಿ, ಮೆಣಸು, ಬ್ರೆಡ್ಡು ತುಂಬಿದರು. ಬಾಯಿ ಹೊಲಿಯಲು ನಮ್ಮಲ್ಲಿ ಗೋಣಿಚೀಲದ ದಬ್ಬಣ ಕೇಳಿದರು. ಅವ್ವ ಕೊಟ್ಟಳು. "ವಾಪಸ್ ಕೊಡಬ್ಯಾಡ್ರಿ ಮತ್ತ" ಎಂದು ಶಾಸ್ತ್ರವನ್ನೂ ಕಾಪಾಡಿದಳು.

ಮುಚ್ಚಳದ ಮೇಲೆ ಕೆಂಡ ಹೇರಿದ ಪಾತ್ರೆಯಲ್ಲಿ ಅದು ಮಧ್ಯಾಹ್ನವಿಡೀ ಬೆಂದಿತು. ಸಂಜೆಗೆ ಹೊಗೆ ಮಂಜಿನಂತೆ ಹರಡಿ, ಅವರ ಅಂಗಳ ಯಾವುದು, ನಮ್ಮದು ಯಾವುದು ತಿಳಿಯದಂತಾಯಿತು. ಸಾಹೇಬರು ಹೊರಗೆ ಮೇಜು ಹಾಕಿ ಎರಡು ತಟ್ಟೆ ಇಟ್ಟರು. ಹುಬ್ಬಳ್ಳಿಯಿಂದ ಅವರ ತಮ್ಮ ಬರಬೇಕಿತ್ತು. ಗಾಡಿ ಬಂದು ಹೋಯಿತು, ತಮ್ಮ ಇಳಿಯಲಿಲ್ಲ. "ಅವಸರ ಇಲ್ರಿ" ಎಂದರು, ಯಾರೂ ಕೇಳದಿದ್ದರೂ. ತಟ್ಟೆ ಮುಟ್ಟಲಿಲ್ಲ.

ಅವ್ವ ನಮ್ಮ ರೊಟ್ಟಿ ಪಲ್ಯವನ್ನೆಲ್ಲ ಬೇಲಿಯ ಬುಡಕ್ಕೇ ತಂದು ನಮಗೆ ಬಡಿಸಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು:

"ಸಾಹೇಬ್ರ, ನಾವು ಕುಂತೇವಿ. ನೀವೂ ಕುಂದರ್ರಿ."

ಅವರು ತಮ್ಮ ಮೇಜಿಗೆ ಕೂತು ಮಾಂಸದ ಒಂದು ತುತ್ತು ಬಾಯಿಗಿಟ್ಟರು.

"ಉಪ್ಪು ಸರಿ ಐತಿಲ್ರಿ?" ಎಂದಳು ಅವ್ವ.