ಬಾರದ ಬಸ್ಸಿಗೆ ಡಿಲೇ ಎಂದವರು

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಅರ್ಧ ಊರು ಅವಳ ದನಿ ಕೇಳಿ ಗಂಟುಮೂಟೆ ಎತ್ತಿಕೊಂಡು ಓಡಿದೆ; ಮುಖ ನೋಡಿದವರು ಕಡಿಮೆ. ಟಿಕೆಟ್ ಕೌಂಟರಿನ ಪಕ್ಕದಲ್ಲಿ ಒಂದು ಮೇಜು, ಒಂದು ಮೈಕು, ಅರ್ಧ ಮಾತ್ರ ತೆರೆಯುವ ಕಿಟಕಿ ಇರುವ ಗೂಡಿನಂಥ ಕೋಣೆ ಅವಳದು. ಮೈಕಿನಲ್ಲಿ ಬೆಣ್ಣೆಯಂಥ ದನಿ. ಮೈಕು ಆಫ್ ಆಯಿತೋ, ದೇವರೇ ಗತಿ, ಕೋಪ ಮೂಗಿನ ತುದಿಯಲ್ಲೇ!

ಆ ಕೋಪವೇನೂ ಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಅವಳಿಗೊಂದು ಮದುವೆ ಗೊತ್ತಾಗಿತ್ತು. ದಿನ ಹತ್ತಿರ ಬಂದಾಗ ಅಣ್ಣ, "ಪೋಸ್ಟ್‌ಪೋನ್ ಆಗಿದೆಯಮ್ಮಾ, ಹುಡುಗನ ಅಜ್ಜಿಗೆ ಹುಷಾರಿಲ್ವಂತೆ" ಎಂದ. ಆಮೇಲೆ ಹುಡುಗನಿಗೆ ವರ್ಗವಾಯಿತು. ಆಮೇಲೆ ಅವರ ಮನೆ ರಿಪೇರಿಗೆ ಬಂತು. ಪೋಸ್ಟ್‌ಪೋನ್, ಪೋಸ್ಟ್‌ಪೋನ್! ಮುಂದಕ್ಕೆ ಹೋಗಿದೆ ಎಂದರೆ ಎಂದೋ ಒಂದು ದಿನ ಆಗುತ್ತದೆ ಎಂದು ತಾನೆ ಅರ್ಥ? ಅವಳು ಹಾಗೇ ನಂಬಿ, ಬಂದ ಬೇರೆ ಸಂಬಂಧಗಳನ್ನೆಲ್ಲ ಬೇಡವೆಂದಳು. ಒಂದು ಬೆಳಿಗ್ಗೆ ತರಕಾರಿ ಮಾರ್ಕೆಟ್ಟಿಗೆ ಹೋದರೆ ಆ ಮಹಾನುಭಾವ ಹೆಗಲ ಮೇಲೆ ಮಗು ಕೂರಿಸಿಕೊಂಡು ಟೊಮೆಟೊ ಆರಿಸುತ್ತಿದ್ದಾನೆ. ಮಗು ಅವನದೇ. ಅವನು ಬೇರೆ ಮದುವೆಯಾದದ್ದು ಅಮ್ಮ, ಅಣ್ಣ, ಅತ್ತಿಗೆ ಮೂವರಿಗೂ ಮೊದಲಿನಿಂದಲೇ ಗೊತ್ತಿತ್ತು!

"ಕ್ಯಾನ್ಸಲ್ ಆಗಿದೆ ಅಂತ ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತೇನೋ ಅಣ್ಣ?"

"ನಿನಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಗುತ್ತೆ ಅಂತ ನನ್ನ ವಯಸ್ಸನ್ನೇ ತಿಂದುಬಿಟ್ರಲ್ಲೋ!"

ಕ್ಯಾನ್ಸಲ್ ಎಂದಿದ್ದರೆ ನಾಲ್ಕು ದಿನ ಅತ್ತು, ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು. ಪೋಸ್ಟ್‌ಪೋನ್ ಎಂದು ಮೂಗಿಗೆ ತುಪ್ಪ ಸವರಿ ಕೂರಿಸಿದರು. ಮುಂದೆ ಅವಳು ಮದುವೆಯ ಮಾತೆತ್ತಲಿಲ್ಲ, ಕೆಲಸ ಹುಡುಕಿಕೊಂಡು ಈ ಕೋಣೆಗೆ ಬಂದಳು.

ಒಂದು ದಿನ ಮಧ್ಯಾಹ್ನ ಬೆಟ್ಟದಾಚೆಯ ಊರಿಗೆ ಹೋಗುವ ಕೊನೆಯ ಬಸ್ಸು ಎಂಜಿನ್ ಕೆಟ್ಟು ಡಿಪೋದಲ್ಲೇ ಕೂತಿತು. ಬದಲಿ ಬಸ್ಸಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ತಲೆ ತೂರಿಸಿದ.

"ಮೇಡಂ, ಡಿಲೇ ಅಂತ ಅನೌನ್ಸ್ ಮಾಡಿ."

"ಎಷ್ಟು ಹೊತ್ತಿಗೆ ಬರುತ್ತೆ ಸಾರ್?"

"ಬರಲ್ಲ."

"ಬರದೇ ಇರೋದಕ್ಕೆ ಡಿಲೇ ಅಂತಾರಾ?"

"ಸಂಜೆ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಿದಾರೆ. ಕ್ಯಾನ್ಸಲ್ ಅಂದ್ರೆ ಜನ ಕೌಂಟರ್‌ಗೆ ಮುತ್ತಿಕೊಳ್ತಾರೆ. ಡಿಲೇ ಅಂದ್ರೆ ಸುಮ್ಮನೆ ಕೂತಿರ್ತಾರೆ. ಸಾಹೇಬ್ರು ಹೋದ ಮೇಲೆ ನಿಜ ಹೇಳಿದ್ರಾಯ್ತು."

ಕೇಳಿದಿರಾ? ಎರಡು ಪದಗಳ ವ್ಯತ್ಯಾಸ ತಿಳಿಯದೆ ಆಡುವ ಮನುಷ್ಯನಲ್ಲ ಇವನು. ಚೆನ್ನಾಗಿ ತಿಳಿದೇ, ಅಳೆದು ತೂಗಿ ಕಾಗೆ ಹಾರಿಸುವವನು!

ಆದರೂ ಹೇಳಿದಳು. ಹೊಟ್ಟೆಪಾಡು, ಏನು ಮಾಡುವುದು? ಬಸ್ಸು ಡಿಲೇ ಆಗಿದೆ, ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು ಎಂದು ಹೇಳಿ ಮೈಕು ಆಫ್ ಮಾಡಿದಾಗ ಬಾಯೆಲ್ಲ ಕಹಿಯಾಗಿತ್ತು. ಬೆಂಚಿನ ಮೇಲಿದ್ದವರು ಕಾಲು ಚಾಚಿಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಒಬ್ಬ ಗಾರೆ ಕೆಲಸದವ ಬಂದು ನಿಂತ. ತೋಳಿನ ಮೇಲೆ ಸಿಮೆಂಟು ಇನ್ನೂ ಒಣಗುತ್ತಿತ್ತು. ಕೆಲಸ ಬಿಟ್ಟು ನೇರ ಓಡಿಬಂದಿದ್ದ.

"ಅಕ್ಕಾ, ಬಸ್ಸು ಬಂದೇ ಬರುತ್ತಲ್ವಾ? ನಾಳೆ ಬೆಳಿಗ್ಗೆನೇ ನಮ್ಮಮ್ಮನಿಗೆ ಆಪರೇಷನ್. ನಾನು ಹೋಗಿ ಸಹಿ ಹಾಕ್ದೆ ಒಳಗೆ ಕರ್ಕೊಂಡು ಹೋಗಲ್ಲ ಅಂದಿದಾರೆ. ಕೆಳಗಿನ ಸ್ಟ್ಯಾಂಡಿಂದ ಒಂದು ಪ್ರೈವೇಟ್ ಬಸ್ಸು ಸುತ್ತು ಹಾಕ್ಕೊಂಡು ಹೋಗುತ್ತೆ, ಇನ್ನೇನು ಹೊರಡುತ್ತೆ ಅಂತಿದಾರೆ. ಅದಕ್ಕೆ ಹೋಗ್ಲಾ, ಇದಕ್ಕೇ ಕಾಯ್ಲಾ?"

ಅವಳು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಮ್ಯಾನೇಜರ್ ಬಾಗಿದ. "ಬರುತ್ತಪ್ಪಾ, ಸ್ವಲ್ಪ ಡಿಲೇ ಅಷ್ಟೆ. ಹೋಗಿ ಕೂತ್ಕೋ."

ದನಿಯಲ್ಲಿ ಏನು ಅಕ್ಕರೆ ಅಂತೀರಿ! ಅಣ್ಣನ ದನಿಯೂ ಹೀಗೇ ಇತ್ತು. ಗಾರೆಯವನ ಮುಖ ಅರಳಿತು. "ನಿಮ್ಮ ಪುಣ್ಯ ಸಾರ್" ಎಂದು ಕೈಮುಗಿದು ಬೆಂಚಿನ ಕಡೆ ಹೊರಟ. ಮ್ಯಾನೇಜರೂ ಕೋಣೆಯಿಂದ ಹೊರಗೆ ಹೋದ.

ಕೈ ಬೇರೆ ಮುಗಿದನಲ್ಲ! ಅವಳ ಪಿತ್ತ ನೆತ್ತಿಗೇರಿತು. ಮೈಕಿನ ಗುಂಡಿ ಒತ್ತಿದಳು. ಈ ಸಲ ಬೆಣ್ಣೆ ಗಿಣ್ಣೆ ಏನೂ ಇರಲಿಲ್ಲ.

"ಬೆಟ್ಟದಾಚೆ ಹೋಗೋ ಬಸ್ಸು ಡಿಲೇ ಅಲ್ಲ, ಕ್ಯಾನ್ಸಲ್. ಇವತ್ತು ಬರೋದೇ ಇಲ್ಲ. ಗಾರೆ ಕೆಲಸದಣ್ಣಾ, ಕೂರಬೇಡ, ಓಡು! ಕೆಳಗಿನ ಸ್ಟ್ಯಾಂಡಿಗೆ ಓಡು!"

ಅವನು ಅರೆಗಳಿಗೆ ಮೇಲಿನ ಸ್ಪೀಕರನ್ನೇ ಪಿಳಿಪಿಳಿ ನೋಡಿದ. ಆಮೇಲೆ ಓಡಿದ ನೋಡಿ, ಚಪ್ಪಲಿ ಒಂದು ಕಡೆ, ತಾನೊಂದು ಕಡೆ. ಇಳಿಜಾರಿನ ಕೊನೆಯಲ್ಲಿ ಆಗಲೇ ಹೊರಟಿದ್ದ ಬಸ್ಸಿನ ಬಾಗಿಲಿಗೆ ಅವನು ಜೋತುಬಿದ್ದದ್ದು, ಯಾರೋ ಅವನನ್ನು ಒಳಗೆಳೆದುಕೊಂಡದ್ದು ಅವಳಿಗೆ ಕಿಟಕಿಯಿಂದ ಕಂಡಿತು. ಉಳಿದವರು ಕೌಂಟರಿಗೆ ಮುತ್ತಿಕೊಂಡು ಗಾಜು ಬಡಿಯತೊಡಗಿದರು.

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಬಂದ. ಕೂಗಾಡುತ್ತಾನೆ ಎಂದುಕೊಂಡಳು. ಇಲ್ಲ, ಮತ್ತೆ ಅದೇ ಅಕ್ಕರೆ!

"ಮೇಡಂ, ನಿಮಗೆ ಸುಸ್ತಾಗಿದೆ. ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಿ. ಯಾವಾಗ ಬರಬೇಕು ಅಂತ ನಾವೇ ಹೇಳಿ ಕಳಿಸ್ತೀವಿ."

"ರೆಸ್ಟಾ, ಡಿಸ್ಮಿಸ್ಸಾ ಸಾರ್?"

"ಛೆ ಛೆ, ಅಷ್ಟು ದೊಡ್ಡ ಪದ ಯಾಕೆ ಮೇಡಂ?"

"ನನಗೆ ಆ ದೊಡ್ಡ ಪದಾನೇ ಬೇಕು. ಇವತ್ತು ಕರೀತಾರೆ, ನಾಳೆ ಕರೀತಾರೆ ಅಂತ ಬಾಗಿಲು ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ, ಒಂದ್ಸಲ ಕೂತಿದ್ದು ಸಾಕು. ಡಿಸ್ಮಿಸ್ ಅಂತ ಬಾಯಿಬಿಟ್ಟು ಹೇಳಿ, ಈಗಲೇ ಬ್ಯಾಗ್ ತಗೊಂಡು ಹೊರಡ್ತೀನಿ. ಹೇಳೋಕೆ ಆಗಲ್ವಾ? ಹಾಗಾದ್ರೆ ಪಕ್ಕಕ್ಕೆ ಸರಿಯಿರಿ, ಮುಂದಿನ ಬಸ್ಸು ಬಂತು."

ಮ್ಯಾನೇಜರ್ ಪಕ್ಕಕ್ಕೆ ಸರಿದ.